ಕುಲ್ಫಿ ಪೆಟ್ಟಿಗೆಯಲ್ಲಿ ಉಳಿದ ಲಸಿಕೆ

ಪಶು ಲಸಿಕಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಡಾ. ಶಾಲನ ಮಗದುಮ್ ಅವರ ಮೇಲೆ ತಾವು ಕಳವಿನ ದೂರು ಕೊಟ್ಟಿದ್ದೀರಿ. ಎಪ್ಪತ್ತು ದಾಟಿದ ವಿಜ್ಞಾನಿ, ತಾನೇ ರೂಪಿಸಿದ ಲಸಿಕೆಯ ಮೂಲಬೀಜವನ್ನು ಕೊಲ್ಹಾಪುರದ ಕೇಂದ್ರದಿಂದ ಹೊತ್ತೊಯ್ದರು ಎಂಬುದು ಆರೋಪ. ಹೊತ್ತೊಯ್ದದ್ದು ನಿಜ. ಯಾಕೆಂದು ಕೇಳಲು ತಮಗೆ ಪುರುಸೊತ್ತಿರಲಿಲ್ಲ. ಎಲ್ಲರೆದುರಿಗೆ ನಾನೇ ಹೇಳುತ್ತೇನೆ.

ಗಂಟಲುಬೇನೆ ಬಂದ ಎಮ್ಮೆಯನ್ನು ತಾವು ನೋಡಿದ್ದೀರಾ? ನಾನು ಪಶುವೈದ್ಯನಾಗಿ ಮೊದಲು ಸೇರಿದ್ದು ಕುರುಂದವಾಡದಲ್ಲಿ. ಆ ವರ್ಷ ಕೃಷ್ಣೆ ಊರೊಳಗೆ ಬಂದಳು. ದನಗಳನ್ನೆಲ್ಲ ದಿಬ್ಬದ ಶಾಲೆಯ ಅಂಗಳದಲ್ಲಿ ಕಟ್ಟಿದ್ದರು. ಬೆಳಗ್ಗೆ ಮೇವು ತಿಂದ ಎಮ್ಮೆ ಸಂಜೆಗೆ ಗಂಟಲು ಊದಿ, ನಾಲಿಗೆ ಚಾಚಿ, ಉಸಿರು ಸಿಗದೆ ಬೀಳುತ್ತಿತ್ತು. ಕರೆಂಟಿಲ್ಲದೆ ನನ್ನ ಇಂಜೆಕ್ಷನ್ ಲಸಿಕೆ ಕೆಟ್ಟಿತ್ತು. ಆಗ ಶಾಲನಬಾಯಿ ದೋಣಿಯಲ್ಲಿ ಬಂದರು, ಮೂಗಿಗೆ ಹಾಕುವ ಹನಿಗಳೊಂದಿಗೆ. ‘ಮೂಗಿನ ಹನಿಯಿಂದ ರೋಗ ನಿಲ್ಲುತ್ತದೆಯೇ’ ಎಂದು ವರ್ಷಗಟ್ಟಲೆ ನಕ್ಕವರು ತಮ್ಮ ಕುರ್ಚಿಯಲ್ಲಿ ಹಿಂದೆ ಕುಳಿತವರೇ. ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿದ್ದು ಆ ಮಳೆಗಾಲದಲ್ಲಷ್ಟೇ.

ಎರಡು ಎಮ್ಮೆ ಕಳೆದುಕೊಂಡಿದ್ದ ನಾಗೂಬಾಯಿ ಮೂರನೆಯದನ್ನು ಮುಟ್ಟಗೊಡಲಿಲ್ಲ.

“ಇದೊಂದ ಉಳದೈತ್ರಿ ಬಾಯಾರ. ಇದೂ ಹೋದ್ರ ನಾ ಏನ ಮಾಡ್ಲಿ?”

“ಮದಲ ಉದಗಾಂವದಾಗ ನಮ್ಮ ಅಣ್ಣನ ಎಮ್ಮಿಗೋಳಿಗೆ ಹಾಕೇನಿ. ಎಲ್ಲಾ ಹಾಲ ಕೊಡಾಕತ್ತಾವ. ಅವನ್ನ ಕೇಳದ ಹಾಕಿದ್ನಲ್ಲಾ, ಅಣ್ಣ ಮಾತ್ರ ನನ್ನ ಜೋಡಿ ಮಾತ ಬಿಟ್ಟಾನ.”

ನಾಗೂಬಾಯಿ ಅಷ್ಟು ದುಃಖದಲ್ಲೂ ನಕ್ಕು ಹಗ್ಗ ಸಡಿಲಿಸಿದಳು. ಆ ಎಮ್ಮೆ ಉಳಿಯಿತು. ಅಂಗಳದಲ್ಲಿ ಸಾವು ನಿಂತಿತು. ಕಾಗಲದಿಂದ ಗಡಹಿಂಗ್ಲಜದವರೆಗೆ ಕೊಟ್ಟಿಗೆ ಕೊಟ್ಟಿಗೆಗೆ ಆ ಹನಿ ಹೋಯಿತು.

ಈ ಬೇಸಿಗೆ ತಾವು ಬಂದಿರಿ. ಹೊಸ ಕಟ್ಟಡ ಬೇಕೆಂದು ಹಳೆಯದನ್ನು ಖಾಲಿ ಮಾಡಿಸಿದಿರಿ. ಶೀತಪೆಟ್ಟಿಗೆಗಳಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಜೀವಂತ ಮೂಲಬೀಜ ತಮ್ಮ ಆದೇಶದಲ್ಲಿ ‘ನಿರುಪಯುಕ್ತ ಸಾಮಗ್ರಿ’. ಅದಿಲ್ಲದೆ ಒಂದು ಹನಿ ಲಸಿಕೆಯೂ ಹುಟ್ಟದೆಂದು ಬೇಡಿಕೊಳ್ಳಲು ಶಾಲನಬಾಯಿ ಬಂದರೆ, ತಮ್ಮ ಆಪ್ತಸಹಾಯಕರು, “ಮ್ಯಾಡಂ, ರಿಟಾಯರ್ ಆಗೀರಿ. ಆತಾ ಘರೀ ಬಸಾ” ಎಂದು, ಇನ್ನು ಮನೆಯಲ್ಲಿ ಕೂರಲು ಹೇಳಿ ಬಾಗಿಲಿನಿಂದಲೇ ಕಳಿಸಿದರು. ಮರುದಿನ ಕರೆಂಟ್ ತೆಗೆಸಿದಿರಿ. ಕಾವಲುಗಾರ ಫೋನು ಮಾಡಿ ಅವರು ತಲುಪುವಷ್ಟರಲ್ಲಿ ಒಂದು ಪೆಟ್ಟಿಗೆ ಪೂರ್ತಿ ಕರಗಿ ನೆಲಕ್ಕೆ ನೀರಿಳಿಯುತ್ತಿತ್ತು. ಮೂವತ್ತು ವರ್ಷದ ದುಡಿಮೆ ಅದು. ಅವರು ಅಳಲಿಲ್ಲ ಎಂದು ಕಾವಲುಗಾರ ಎಲ್ಲರಿಗೂ ಹೇಳುತ್ತಾನೆ. ಅತ್ತರು, ಮಾನ್ಯರೇ.

ಇನ್ನೊಂದರಲ್ಲಿ ಇನ್ನೂ ಗಟ್ಟಿಯಾಗಿದ್ದಷ್ಟನ್ನು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿಟ್ಟು ಇಚಲಕರಂಜಿಗೆ ಒಯ್ದರು. ಅಲ್ಲಿ ಅವರ ತಂಗಿಯ ಮಗ ಜಿನೇಶನದು ಕುಲ್ಫಿ ಅಂಗಡಿ. ಅವನು ಇದ್ದ ಕುಲ್ಫಿಯನ್ನೆಲ್ಲ ಓಣಿಯ ಮಕ್ಕಳಿಗೆ ಹಂಚಿ, ಫ್ರೀಜರ್ ತೊಳೆದುಕೊಟ್ಟು, ವ್ಯಾಪಾರದ ಸುಗ್ಗಿಯ ಕಾಲದಲ್ಲೇ ಅಂಗಡಿ ಮುಚ್ಚಿದ.

“ಎಷ್ಟ ದಿನಾ ತಡದೀತ, ಮಾವಶಿ?”

“ಭಾಳ ದಿನಾ ತಡ್ಯಾಂಗಿಲ್ಲಪಾ. ಇದರ ಥಂಡಿ ಸಾಲಂಗಿಲ್ಲ.”

ನಿನ್ನೆ ಪೊಲೀಸರು ಬಂದಿದ್ದರು. ತಮ್ಮ ದೂರಿನ ಪ್ರಕಾರ ಅದು ಕಳವಿನ ಮಾಲು. ಜಪ್ತಿ ಮಾಡಿ ಠಾಣೆಯ ಕಪಾಟಿನಲ್ಲಿಡಬೇಕಂತೆ. ಶಾಲನಬಾಯಿ ಫ್ರೀಜರಿನ ಮೇಲೆ ಎರಡೂ ಕೈಯಿಟ್ಟು, “ನನ್ನ ಒಯ್ರಿ, ಇದನ್ನ ಬಿಡ್ರಿ” ಎಂದರು. ಪೊಲೀಸರು ನಾಳೆ ಬರುತ್ತೇವೆಂದು ಹೋದರು. ಆ ಕಪಾಟಿನ ಸೆಕೆಯಲ್ಲಿ ಸಾಕ್ಷ್ಯ ಉಳಿದೀತು, ಬೀಜ ಉಳಿದೀತೇ? ಹೊಳೆ ಏರಿದಾಗ ಎಮ್ಮೆಗಳ ಮೂಗಿಗೆ ತಮ್ಮ ಆದೇಶದ ಪ್ರತಿ ಹಿಡಿಯೋಣವೇ?

ನಮಗೆ ಸನ್ಮಾನ ಬೇಡ, ವಿಚಾರಣಾ ಸಮಿತಿ ಬೇಡ. ಇಂದೇ ದೂರು ಹಿಂದಕ್ಕೆ ಪಡೆಯಿರಿ. ಇಂದೇ ಒಂದು ಶೀತಪೆಟ್ಟಿಗೆಗೆ ಕರೆಂಟ್ ಕೊಡಿ. ಕಳ್ಳರು ಬೇಕೇ ಬೇಕೆಂದರೆ ದೂರನ್ನು ಸರಿಪಡಿಸಿ: ಆ ಮಂಜಿನ ಪೆಟ್ಟಿಗೆಗೆ ಎರಡು ಹಿಡಿಕೆಗಳಿದ್ದವು, ಒಂದನ್ನು ಹಿಡಿದವನು ನಾನು.

ಇಂತಿ,
ತಮ್ಮ ದೂರಿನಲ್ಲಿ ಬಿಟ್ಟುಹೋದ ಎರಡನೆಯ ಆರೋಪಿ,
ಮಲ್ಲಿನಾಥ, ಪಶುವೈದ್ಯ, ಗಡಹಿಂಗ್ಲಜ