ಗೇಟಿನ ಮುಂದೆ ತೆಗೆದ ಫೋಟೋ

ಬೊಮ್ಮನಹಳ್ಳಿ
೧೭ ನವೆಂಬರ್ ೨೦೨೪

ಪ್ರೀತಿಯ ಸೌಮ್ಯಾ,

ಹೇಗಿದ್ದೀಯ? ರಾಣೆಬೆನ್ನೂರಿನಲ್ಲಿ ಚಳಿ ಶುರುವಾಯಿತೇ? ನಿನ್ನ ಹೊಲಿಗೆ ತರಗತಿಗೆ ಈ ವರ್ಷ ಎಷ್ಟು ಹುಡುಗಿಯರು ಸೇರಿದರು? ದೀಪಾವಳಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಬಿಡು. ಕೆಲಸವಿತ್ತು ಎನ್ನುವುದು ಅರ್ಧ ನಿಜ.

ಆ ಅರ್ಧವನ್ನೇ ಮೊದಲು ಹೇಳುತ್ತೇನೆ. ನೀನು ಹೊಲಿಯುತ್ತಿದ್ದ ಗಾರ್ಮೆಂಟ್ಸಿನ ಹಳೆಯ ಹೆಂಗಸರೆಲ್ಲ ಸೇರಿ, ತೊಂಬತ್ತೊಂಬತ್ತರ ಮುಷ್ಕರಕ್ಕೆ ಇಪ್ಪತ್ತೈದು ವರ್ಷವಾಯಿತೆಂದು ಒಂದು ಸಭೆ ಇಟ್ಟುಕೊಂಡಿದ್ದಾರೆ. ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ ನಾನು ತೆಗೆದ ಫೋಟೋಗಳನ್ನು ಗೋಡೆಗೆ ಹಾಕಬೇಕಂತೆ. ಹುಡುಕಿದರೆ ನಲವತ್ತು ನೆಗೆಟಿವ್ ಸಿಕ್ಕವು.

ಎಲ್ಲವನ್ನೂ ಡಾರ್ಕ್‌ರೂಮಿನಲ್ಲಿ ಕೈಯಾರೆ ಪ್ರಿಂಟ್ ಮಾಡುತ್ತೇನೆಂದು ಹಟ ಹಿಡಿದೆ. ನನ್ನ ಜಂಬ ನಿನಗೆ ಗೊತ್ತಲ್ಲ. ಪಕ್ಕದ ರಸ್ತೆಯಲ್ಲಿ ಡಿಜಿಟಲ್ ಪ್ರಿಂಟ್ ಅಂಗಡಿ ಇಟ್ಟಿರುವ ಸಿದ್ದಾರ್ಥ್ ನಕ್ಕುಬಿಟ್ಟ.

"ಮೇಡಂ, ನೆಗೆಟಿವ್ ತುಂಬಾ ಫಂಗಸ್ ಇದೆ. ನಿಮ್ ಕೆಮಿಕಲ್‌ಗೆ ಹೋಗುತ್ತಾ ಅದು? ಸ್ಕ್ಯಾನ್ ಮಾಡಿ ಕ್ಲೀನ್ ಮಾಡ್ಕೊಡ್ತೀನಿ, ಒಂದ್ಸಲ ನೋಡಿ."

ಒಂದೇ ನೆಗೆಟಿವನ್ನು ಇಬ್ಬರೂ ಪ್ರಿಂಟ್ ಮಾಡಿ ಪಕ್ಕಪಕ್ಕ ಇಟ್ಟೆವು. ಕ್ಯಾಂಟೀನಿನಲ್ಲಿ ಅಂಜನಮ್ಮ ಊಟ ಮಾಡುತ್ತಿರುವ ಫೋಟೋ ಅದು. ನಿಮ್ಮ ಸಾಲಿನಲ್ಲೇ ಕಾಲರ್ ಹೊಲಿಯುತ್ತಿದ್ದ ಆನೇಕಲ್ಲಿನ ಅಂಜನಮ್ಮ. ಈಗ ಅವರಿಗೆ ಎಪ್ಪತ್ತು. ಅವರನ್ನೇ ಕರೆದು ತೋರಿಸಿದೆ. ನನ್ನ ಪ್ರಿಂಟಿನಲ್ಲಿ ಕಪ್ಪು ಎಷ್ಟು ಆಳವಾಗಿತ್ತು ಗೊತ್ತಾ! ಆದರೆ ಕೆನ್ನೆಯ ಮೇಲೆ ಫಂಗಸ್ಸಿನ ಕಲೆ ಬಳ್ಳಿಯ ಹಾಗೆ ಹಬ್ಬಿತ್ತು. ಅಂಜನಮ್ಮ ಸೀದಾ ಸಿದ್ದಾರ್ಥನ ಇಂಕ್‌ಜೆಟ್ ಪ್ರಿಂಟನ್ನು ಎತ್ತಿಕೊಂಡರು.

"ಇದೇ ಇರ್ಲಿ ಕಣವ್ವ. ನಂಗೆ ಆ ಕಾಯ್ಲೆ ಯಾವತ್ತೂ ಇರ್ನಿಲ್ಲ."

ಸೋತೆ, ನಕ್ಕೂಬಿಟ್ಟೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಯಾವ ಫೋಟೋಗೆ ಯಾವ ದಾರಿ ಸರಿ ಎಂದು ತಿಳಿಯದಿದ್ದರೆ ಹೇಗೆ? ಮೂವತ್ತೊಂಬತ್ತನ್ನು ಸಿದ್ದಾರ್ಥನಿಗೆ ಕೊಟ್ಟೆ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, "ಕಲೆ ತೆಗಿ, ಸುಕ್ಕು ತೆಗೀಬೇಡ" ಎಂದು ಒಂದೊಂದನ್ನೂ ತಿದ್ದಿಸಿದೆ. ಚೆನ್ನಾಗಿ ಬಂದಿವೆ. ಕೆಳಗೆ ನನ್ನ ಹೆಸರು ಹಾಕಲು ನನಗೇನೂ ಸಂಕೋಚವಿಲ್ಲ.

ಒಂದನ್ನು ಮಾತ್ರ ಕೊಡಲಿಲ್ಲ. ಮುಷ್ಕರದ ದಿನ ಫ್ಯಾಕ್ಟರಿ ಗೇಟಿನ ಮುಂದೆ ನೀವೆಲ್ಲ ನಿಂತಿರುವ ಫೋಟೋ. ಆ ನೆಗೆಟಿವ್ ಮೇಲೆ ಒಂದು ಗೀರೂ ಇಲ್ಲ. ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಹಳೆಯ ಎನ್‌ಲಾರ್ಜರಿನ ದೂಳು ಒರೆಸಿ, ಎರಡು ದಿನ ನಿಂತೇ ಕೆಲಸ ಮಾಡಿದೆ. ಕೆಂಪು ದೀಪದಲ್ಲಿ, ಟ್ರೇಯ ದ್ರಾವಣದೊಳಗಿಂದ ಅಷ್ಟೊಂದು ಮುಖಗಳು ಮೆಲ್ಲಗೆ ಮೂಡಿ ಬಂದಾಗ ಸೊಂಟನೋವು ಮರೆತೇಹೋಯಿತು. ಇದಕ್ಕೆ ಮಾತ್ರ ಡಾರ್ಕ್‌ರೂಮೇ ಸರಿ. ಯಾರು ಏನೇ ಹೇಳಲಿ, ಈ ಮಾತು ಬದಲಾಯಿಸುವುದಿಲ್ಲ.

ಅಂಜನಮ್ಮ ಅದನ್ನು ಬಹಳ ಹೊತ್ತು ನೋಡಿದರು. "ನಮ್ ಸೌಮ್ಯಾ ಎಲ್ಲವ್ಳೆ? ಮೊದ್ಲು ಕೂಗಿದ್ದು ಅವ್ಳೇ ಅಲ್ವಾ?"

"ಕಂಬದ ಪಕ್ಕ ಇದ್ದಾಳಲ್ಲ ಅಕ್ಕ. ನೆರಳು ಬಿದ್ದಿದೆ."

"ಮಕ ಕಾಣಂಗೆ ಮಾಡಕ್ಕಾಗಲ್ವಾ?"

"ಆಗಲ್ಲ" ಅಂದೆ.

ಸಭೆ ಡಿಸೆಂಬರ್ ಎಂಟು, ಭಾನುವಾರ. ನೀನು ಬರಲೇಬೇಕೆಂದು ಎಲ್ಲರೂ ಹೇಳಿಕಳಿಸಿದ್ದಾರೆ. ವೀರೇಶಣ್ಣನಿಗೆ ನನ್ನ ನಮಸ್ಕಾರ ತಿಳಿಸು. ಮಗಳು ಕಾವ್ಯಾ ನೂರು ವರ್ಷ ಸುಖವಾಗಿರಲಿ.

ನಿನ್ನ
ವೇಣಿ

ತಾ.ಕ.: ಅಂಜನಮ್ಮನಿಗೆ ಸುಳ್ಳು ಹೇಳಿದೆ. ಆಗುತ್ತದೆ. ಕಾಗದದ ಮೇಲೆ ಬೆಳಕು ಬೀಳುವಾಗ ಅಷ್ಟು ಜಾಗಕ್ಕೆ ಬೆರಳು ಅಡ್ಡ ಹಿಡಿದರೆ ಸಾಕು, ನೆರಳು ತಿಳಿಯಾಗುತ್ತದೆ. ತೊಂಬತ್ತೊಂಬತ್ತರಲ್ಲಿ ಹಾಗೇ ಮಾಡಿದ್ದೆ. ಕೈ ಎತ್ತಿ ಘೋಷಣೆ ಕೂಗುತ್ತಿದ್ದ ನಿನ್ನ ಮುಖ ಚೆನ್ನಾಗಿ ಕಾಣಲೆಂದು ನಾಲ್ಕು ಹಾಳೆ ಕೆಡಿಸಿ, ಐದನೆಯದರಲ್ಲಿ ಗೆದ್ದೆ. ಹೆಮ್ಮೆಯಿಂದ ಸ್ಟುಡಿಯೋದ ಶೋಕೇಸಿನಲ್ಲಿಟ್ಟೆ. ನಿಮ್ಮ ಮ್ಯಾನೇಜರ್ ಬಂದು ಅದನ್ನು ಕೊಂಡುಕೊಂಡು ಹೋದರು. ನಾಲ್ಕನೇ ದಿನ ನಿನ್ನೊಬ್ಬಳನ್ನೇ ಕೆಲಸದಿಂದ ತೆಗೆದರು. ಯಾರು ಚಾಡಿ ಹೇಳಿದರೋ ಎಂದು ನಾವಿಬ್ಬರೂ ಇದ್ದ ಬಾಡಿಗೆ ಕೋಣೆಯಲ್ಲಿ ಕೂತು ನೀನು ಅತ್ತೆ. ನಾನು ನಿನ್ನ ತಲೆ ನೇವರಿಸುತ್ತ ಸುಮ್ಮನಿದ್ದೆ. ಇವತ್ತಿನವರೆಗೂ ಸುಮ್ಮನಿದ್ದೆ.

ಇನ್ನೊಂದು ಪ್ರಿಂಟಿಗೆ ಹಾಳೆ ಇದೆ. ಗೋಡೆಯ ಮೇಲೆ ನಿನ್ನ ಮುಖ ಕಾಣಬೇಕೋ ಬೇಡವೋ, ಈ ಸಲ ನೀನೇ ಹೇಳು.