ಹೊದಿಸಿದ ಕಂಬಳಿ

ಮಾನ್ಯ ಮಾಜಿ ಶಾಸಕರಿಗೆ, ಶಿರಾ ಸೀಮೆಯ ಕುರಿಹಟ್ಟಿಯಿಂದ ರಾಧಾಮಣಿಯ ನಮಸ್ಕಾರಗಳು.

ಸ್ವಾಮಿ, ಸಂತೋಷದ ಸುದ್ದಿ! ನಮ್ಮ ಹಟ್ಟಿಗೆ ಕೊನೆಗೂ ಕುರಿ ಡಾಕ್ಟರು ಬಂದರು. ಹೆಸರು ಸ್ನೇಹಲತಾ, ಹೊಸದಾಗಿ ಸೇರಿದವರು, ಸ್ಕೂಟರಿನಲ್ಲೇ ಬಂದುಬಿಟ್ಟರು! ಪಶು ಆಸ್ಪತ್ರೆಗೆಂದು ಏಳು ವರ್ಷದ ಹಿಂದೆ ತಾವು ನೆಟ್ಟು ಹೋದ ಅಡಿಗಲ್ಲಿನ ಮೇಲೆ ಔಷಧಿ ಪೆಟ್ಟಿಗೆ ಇಟ್ಟುಕೊಂಡು ಮುನ್ನೂರು ಕುರಿಗೂ ಸೂಜಿ ಹಾಕಿದರು. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಮರಿಯನ್ನೂ ಜೀವಂತ ಎತ್ತಿಕೊಟ್ಟರು! ಇಷ್ಟು ವರ್ಷ ಕುರಿಗಳು ಮೈ ಉಜ್ಜಿಕೊಳ್ಳುತ್ತಿದ್ದ ಆ ಕಲ್ಲು ನಿನ್ನೆ ಒಂದು ದಿನ ಆಸ್ಪತ್ರೆಯಾಯಿತು.

ಸೋಮವಾರ ಮತ್ತೆ ಬರುತ್ತಾರೆ. ಅವರಿಗೆ ಕಂಬಳಿ ಹೊದಿಸಬೇಕೆಂದು ಹಟ್ಟಿಗೆ ಹಟ್ಟಿಯೇ ಕುಣಿಯುತ್ತಿದೆ. ಹೊಸದು ನೇಯಲು ತಿಂಗಳು ಬೇಕು. ಆದ್ದರಿಂದ ಅಡಿಗಲ್ಲಿನ ದಿನ ತಮಗೆ ಹೊದಿಸಿದ ಕರಿ ಕಂಬಳಿಯನ್ನು ದಯವಿಟ್ಟು ವಾಪಸು ಕಳಿಸಿಕೊಡಬೇಕು. ಶಿರಾ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು.

ಅದರ ಉಣ್ಣೆ ನೂತವರು ನನ್ನ ಅತ್ತೆ ಗೌರಕ್ಕ. ‘ಹೊದಿಸಿದ್ದನ್ನ ವಾಪಸ್ ಹೆಂಗೆ ಕೇಳೋದು ಅತ್ತೆ?’ ಅಂದೆ.

‘ಕುರಿ ಕಾದೋರಿಗೆ ಹೊದಿಸೋ ಕಂಬ್ಳಿ ಕಣಮ್ಮ ಅದು. ಅವ್ರು ಕಾಯೋಕೆ ಮುಂಚೇನೇ ನಾವು ಹೊದಿಸ್ಬುಟ್ವಿ. ತಪ್ಪು ನಮ್ದೇ, ಕಾಗ್ದ ಬರಿ’ ಅಂದರು.

ಒಗೆಸುವ ತೊಂದರೆ ತೆಗೆದುಕೊಳ್ಳಬೇಡಿ. ಫೋಟೋ ಮುಗಿದ ಕೂಡಲೇ ತೆಗೆದು ಕಾರಿನ ಡಿಕ್ಕಿಗೆ ಹಾಕಿಸಿದಿರಲ್ಲ, ಇನ್ನೂ ಹೊಸದಾಗಿಯೇ ಇರುತ್ತದೆ.

ಇಂತಿ,
ತಮಗೆ ಎರಡು ಸಲ ಓಟು ಹಾಕಿದ
ರಾಧಾಮಣಿ