ಹೋಟೆಲಿನ ವಾದ್ಯ

ಹುಬ್ಬಳ್ಳಿ, ೨೬ ಡಿಸೆಂಬರ್ ೧೯೬೫

ಅಪ್ಪಾ,

ನಿನ್ನೆ ಕ್ರಿಸ್‌ಮಸ್ ಆರಾಧನೆಯಲ್ಲಿ ನಾನು ಗಿಟಾರ್ ನುಡಿಸಿದೆ. ಚರ್ಚಿನ ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದಿತ್ತು. ರೈಲ್ವೆ ಕಾಲನಿಯ ಪಾಲ್ ತನ್ನ ಗಿಟಾರ್ ತಂದುಕೊಟ್ಟ. ಹಾಡುಗಳನ್ನು ನಾನು ರೇಡಿಯೋ ಕೇಳಿ ಬರೆದುಕೊಂಡಿದ್ದೆ: ಆರು ತಂತಿಗೆ ಆರು ಗೆರೆ, ಬೆರಳಿಡುವ ಜಾಗಕ್ಕೆ ಒಂದೊಂದು ಅಂಕಿ.

ಹಿಂದೆ ನಾನು ಬರೆದಿದ್ದ ಇಂಥವೇ ಹಾಳೆಗಳನ್ನು ನೀವು ಬಚ್ಚಲೊಲೆಗೆ ಹಾಕಿದಿರಿ. ರಾಕ್ ಹಾಡುಗಳ ನಡುವೆ ಕ್ರಿಸ್‌ಮಸ್ ಹಾಡುಗಳೂ ಇದ್ದವು, ನೀವು ನೋಡಲಿಲ್ಲ. "ಇದು ಹೋಟೆಲ್‌ನ್ಯಾಗ ಬಾರಿಸೋ ವಾದ್ಯ. ಮಾಸ್ತರ ಮಗಳಿಗೆ ಶೋಭಾ ತರೂದಿಲ್ಲ," ಎಂದಿರಿ. ನಾನು ಧಾರವಾಡಕ್ಕೆ ಟ್ರೇನಿಂಗಿಗೆ ಹೋದ ವಾರವೇ ನನ್ನ ಗಿಟಾರನ್ನೂ ಮಾರಿಬಿಟ್ಟಿರಿ.

ಆರಾಧನೆ ಮುಗಿದ ಮೇಲೆ ಸಭಾಪಾಲಕರು ನನ್ನ ಕೈ ಹಿಡಿದುಕೊಂಡರು. "ಎಡಿತ್, ಇದೆಲ್ಲಾ ನಿಮ್ಮಪ್ಪ ಕಲಿಸಿದ್ದು. ಬೆಂಜಮಿನ್ ಮಾಸ್ತರು ಇದ್ದಿದ್ರ ಇವತ್ತ ಎಷ್ಟ ಹಿಗ್ಗತಿದ್ರು!"

ಅವ್ವ ನನ್ನ ಮುಖ ನೋಡಿದಳು.

"ಹೌದ್ರಿ," ಎಂದೆ. ನೀವು ಸತ್ತ ಮೇಲೂ ನಿಮ್ಮ ಮಾನ ಕಾಯುವ ಕೆಲಸ ನನಗೇ ಬಂತು.

ನೀವು ಇದ್ದಿದ್ದರೆ ಮೊದಲ ಹಾಡಿಗೇ ಎದ್ದು ಹೋಗುತ್ತಿದ್ದಿರಿ, ನನಗೆ ಗೊತ್ತು. ಆದರೂ ನುಡಿಸುವಷ್ಟು ಹೊತ್ತೂ ನೀವು ಕೂರುತ್ತಿದ್ದ ಬೆಂಚಿನ ಕಡೆಗೇ ನೋಡುತ್ತಿದ್ದೆ.

ಎಡಿತ್